ಪಿಎಚ್‌ಡಿ ಮಾಡ್ತಿರೋರು ಯಾವ ಸೆಮಿನಾರು, ವರ್ಕ್‌ಶಾಪಿಗೆ ಹೋಗ್ಬೇಕು, ಹೇಗೆ ಅಪ್ಲೈ ಮಾಡ್ಬೇಕು

ಪಿಎಚ್‌ಡಿಗೆ ಸೇರಿದ ಸ್ವಲ್ಪ ದಿನಕ್ಕೇ ಕಾನ್ಫರೆನ್ಸು, ವರ್ಕ್‌ಶಾಪು ಅಂತ ಮೇಲ್ ಮೇಲೆ ಮೇಲ್ ಬರೋಕೆ ಶುರುವಾಗುತ್ತೆ, ಎಲ್ಲದಕ್ಕೂ ಹೋಗಿಬಿಡೋಣ ಅನ್ಸುತ್ತೆ, ಸರ್ಟಿಫಿಕೇಟ್ ಸಿಗುತ್ತಲ್ಲ, ಸಿವಿಯಲ್ಲಿ ಒಂದು ಸಾಲು ಜಾಸ್ತಿ ಆಗುತ್ತಲ್ಲ ಅಂತ. ದಯವಿಟ್ಟು ಹಾಗೆ ಮಾಡ್ಬೇಡಿ. ನನ್ನ ಲೆಕ್ಕದಲ್ಲಿ ಕೇಳ್ಕೋಬೇಕಾದ್ದು ಒಂದೇ ಪ್ರಶ್ನೆ: ನಿಮ್ಮ ಕೆಲಸ ನೋಡಿ "ಇದು ಸರಿ ಇಲ್ಲ, ಹೀಗ್ ಮಾಡಿ ನೋಡು" ಅಂತ ಹೇಳಬಲ್ಲೋರು ಅಲ್ಲಿಗೆ ಯಾರು ಬರ್ತಾರೆ? ಭಾಷಣಕಾರರ ಪಟ್ಟಿ ತೆಗೆದು ನೋಡಿ, ನೀವು ಓದಿರೋ ಪೇಪರ್‌ಗಳ ಲೇಖಕರು ಒಬ್ಬರಾದ್ರೂ ಇದ್ರೆ ಹೋಗಿ, ಯಾರೂ ಗೊತ್ತಿರೋರಿಲ್ಲ ಅಂದ್ರೆ ಆ ವಾರ ಲೈಬ್ರರೀಲಿ ಕೂತ್ರೇನೇ ಲಾಭ.

ಶುರು ಮಾಡೋದು ನಿಮ್ಮ ಡಿಪಾರ್ಟ್‌ಮೆಂಟ್ ಸೆಮಿನಾರಿಂದಾನೇ. ಅದಕ್ಕೆ ಫೀಸ್ ಇಲ್ಲ, ಅಪ್ಲಿಕೇಶನ್ ಇಲ್ಲ, ಆದ್ರೂ ತುಂಬಾ ಜನ ತಪ್ಪಿಸ್ಕೋತಾರೆ, ನನ್ನ ಟಾಪಿಕ್ ಅಲ್ಲ ಅಂತ. ಟಾಪಿಕ್ ನಿಮ್ದಲ್ದೇ ಇದ್ರೂ ಹೋಗಿ, ಹೋಗಿ ಒಂದು ಪ್ರಶ್ನೆ ಕೇಳಿ. ಏನ್ ಕೇಳೋದು ಅಂತ ಗೊತ್ತಾಗ್ಲಿಲ್ಲ ಅಂದ್ರೆ "ಸ್ಯಾಂಪಲ್ ಅರ್ಧಕ್ಕೆ ಇಳಿಸಿದ್ರೂ ಇದೇ ರಿಸಲ್ಟ್ ಬರುತ್ತಾ?" ಅಥವಾ "ಈ ಊಹೆ ಬಿಟ್ರೆ ಯಾವ ಭಾಗ ಕುಸಿಯುತ್ತೆ?" ಅನ್ನೋ ಥರದ್ದು ಹೆಚ್ಚುಕಮ್ಮಿ ಎಲ್ಲಾ ವಿಷಯಕ್ಕೂ ಹೊಂದುತ್ತೆ. ಇಲ್ಲಿ ಬಾಯಿ ಬಿಡೋ ಅಭ್ಯಾಸ ಆದ್ರೆ ಮಾತ್ರ ದೊಡ್ಡ ಸಭೇಲಿ ಬಾಯಿ ಬರೋದು.

ಆಮೇಲೆ ಹೆಸರುಗಳ ಗೊಂದಲ. ಕಾನ್ಫರೆನ್ಸಲ್ಲಿ ಮುಗಿದ ಕೆಲಸ ಹೇಳ್ತಾರೆ, ವರ್ಕ್‌ಶಾಪ್ ಚಿಕ್ಕದು, ಅರ್ಧಂಬರ್ಧ ಆಗಿರೋ ಕೆಲಸಾನೂ ಅಲ್ಲಿ ನಡೆಯುತ್ತೆ, ಇಲ್ಲಾ ಕೈಯಿಂದ ಮಾಡಿ ಕಲಿಯೋ ತರಬೇತಿ ಆಗಿರುತ್ತೆ, ಸಮ್ಮರ್ ಸ್ಕೂಲ್ ಅಂದ್ರೆ ವಾರಗಟ್ಟಲೆ ಪಾಠ. ಮೊದಲೆರಡು ವರ್ಷಕ್ಕೆ ಸ್ಕೂಲು, ವರ್ಕ್‌ಶಾಪೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಅಲ್ಲಿ ಊಟಕ್ಕೂ ಅದೇ ಜನ, ಸಂಜೆ ವಾಕಿಂಗಿಗೂ ಅದೇ ಜನ, ಮೂರನೇ ದಿನಕ್ಕೆ ಯಾವ ಪ್ರೊಫೆಸರ್ ಹತ್ರ ಆದ್ರೂ ಮಾತಾಡೋ ಧೈರ್ಯ ಬಂದ್ಬಿಡುತ್ತೆ.

ಎಲ್ಲಿ ಹುಡುಕೋದು? ಫಿಸಿಕ್ಸು, ಮ್ಯಾಥ್ಸ್‌ನೋರು ಇಟಲಿಯ ಟ್ರೀಸ್ಟ್‌ನಲ್ಲಿರೋ ಐಸಿಟಿಪಿ (ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರ) ಕ್ಯಾಲೆಂಡರ್ ನೋಡ್ತಾ ಇರಿ, ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸಂಸ್ಥೆ ಅದು, ಅಭಿವೃದ್ಧಿ ಹೊಂದ್ತಿರೋ ದೇಶಗಳ ಸಂಶೋಧಕರಿಗೆ ಅಂತಾನೇ ಪ್ರಯಾಣದ ದುಡ್ಡು ಒಂದಿಷ್ಟು ಇಟ್ಟಿರ್ತಾರೆ. ಗಣಿತದೋರಿಗೆ 1978ರಿಂದ ಇರೋ ಸಿಂಪಾ (CIMPA) ಅನ್ನೋ ಫ್ರಾನ್ಸಿನ ಸಂಸ್ಥೆಯ ಸ್ಕೂಲುಗಳೂ ಇವೆ. ವಿಜ್ಞಾನದ ಬೇರೆ ಬೇರೆ ವಿಷಯಕ್ಕೆ ನಡೆಯೋ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್ ಬಗ್ಗೆ ಕೇಳಿರ್ತೀರಿ, ಅಲ್ಲಿ ಇನ್ನೂ ಪ್ರಕಟ ಆಗದ ಕೆಲಸಾನ ಮುಚ್ಚುಮರೆ ಇಲ್ದೆ ಚರ್ಚೆ ಮಾಡ್ತಾರೆ, ಅದನ್ನ ಹೊರಗೆ ಹೇಳಂಗಿಲ್ಲ ಅನ್ನೋ ನಿಯಮ ಇದೆ, ಎಷ್ಟೋ ಕಾನ್ಫರೆನ್ಸ್‌ಗಳಿಗೆ ಮುಂಚಿನ ಶನಿವಾರ ಭಾನುವಾರ ಸ್ಕಾಲರುಗಳಿಗೆ, ಪೋಸ್ಟ್‌ಡಾಕ್‌ಗಳಿಗೆ ಮಾತ್ರ ಅಂತ ಗಾರ್ಡನ್ ರಿಸರ್ಚ್ ಸೆಮಿನಾರ್ ನಡೆಯುತ್ತೆ, ಅದು ಬಿಡ್ಬೇಡಿ. 1951ರಿಂದ ಜರ್ಮನಿಯಲ್ಲಿ ನಡೀತಿರೋ, ನೊಬೆಲ್ ವಿಜೇತರ ಜೊತೆ ಯುವ ಸಂಶೋಧಕರು ಸೇರೋ ಲಿಂಡೌ ನೊಬೆಲ್ ಸಭೆ, ಮ್ಯಾಥ್ಸು ಕಂಪ್ಯೂಟರ್ ಸೈನ್ಸ್‌ನೋರಿಗೆ 2013ರಲ್ಲಿ ಅದೇ ಥರ ಶುರುವಾದ ಹೈಡಲ್‌ಬರ್ಗ್ ಲಾರಿಯೇಟ್ ಫೋರಮ್, ಇವೆರಡೂ ಸಿಗೋದು ಕಷ್ಟ, ಆದ್ರೂ ಅಪ್ಲೈ ಮಾಡೋಕೇನಂತೆ. ಪ್ರೋಗ್ರಾಮಿಂಗ್, ಡೇಟಾ ಅಂದ್ರೆ ಕೈ ನಡುಗೋರಿಗೆ ಕಾರ್ಪೆಂಟ್ರೀಸ್ ಅನ್ನೋ ಸಂಸ್ಥೆಯ ಎರಡು ದಿನದ ವರ್ಕ್‌ಶಾಪ್‌ಗಳು, ಅವರ ಪಾಠ ಎಲ್ಲಾ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ, ಹೋಗೋಕಾಗ್ದಿದ್ರೂ ಕೂತು ಕಲೀಬಹುದು.

ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿದೆ. ನಿಮ್ಮ ವಿಷಯದಲ್ಲಿ ನಿಮಗಿಂತ ಎರಡು ಮೂರು ವರ್ಷ ಮುಂದಿರೋ ಸ್ಕಾಲರ್‌ಗಳ ಸಿವಿ ತೆಗೀರಿ, ಅವರು ಎಲ್ಲೆಲ್ಲಿ ಪೋಸ್ಟರ್ (ಕೆಲಸಾನ ಒಂದು ದೊಡ್ಡ ಹಾಳೇಲಿ ತೋರಿಸೋದು) ಹಾಕಿದಾರೆ, ಯಾವ ಸ್ಕೂಲಿಗೆ ಹೋಗಿದಾರೆ ಬರ್ಕೊಳ್ಳಿ. ಆ ಪಟ್ಟಿ ಯಾವ ವೆಬ್‌ಸೈಟೂ ಕೊಡಲ್ಲ.

ಈಗ ಮೋಸದ ವಿಷಯ, ಇದು ಸ್ವಲ್ಪ ಗಮನ ಕೊಟ್ಟು ಓದಿ. ದುಡ್ಡಿಗೋಸ್ಕರಾನೇ ನಡೆಸೋ ಕಾನ್ಫರೆನ್ಸ್‌ಗಳು ರಾಶಿ ಇವೆ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಸೈಜೆನ್ ಅಂತ ಒಂದು ಪ್ರೋಗ್ರಾಂ ಬರೆದು, ಅದು ಹುಟ್ಟಿಸಿದ ಅರ್ಥವೇ ಇಲ್ಲದ ಪೇಪರ್ ಒಂದನ್ನ ಕಾನ್ಫರೆನ್ಸಿಗೆ ಕಳಿಸಿದ್ರು, ಅದು ಆಯ್ಕೆನೂ ಆಯ್ತು. ಕಳಿಸಿದ ಎರಡೇ ದಿನಕ್ಕೆ ಅಕ್ಸೆಪ್ಟ್ ಆಯ್ತು ಅಂದ್ರೆ, ಒಂದೇ ಸಭೇಲಿ ಕೃಷಿ, ಮ್ಯಾನೇಜ್‌ಮೆಂಟ್, ಬಯೋಟೆಕ್, ಸಾಹಿತ್ಯ ಎಲ್ಲಾ ಇದ್ರೆ, ಮೇಲ್‌ನಲ್ಲಿ "ತಮ್ಮ ಅಮೂಲ್ಯ ಸಂಶೋಧನೆ" ಅಂತ ಸಿಕ್ಕಾಪಟ್ಟೆ ಹೊಗಳಿದ್ರೆ ಅನುಮಾನ ಪಡಿ. ಸಮಿತಿಯಲ್ಲಿ ಹೆಸರಿರೋ ಒಬ್ಬ ಪ್ರೊಫೆಸರ್‌ಗೆ ನೇರವಾಗಿ ಮೇಲ್ ಹಾಕಿ ಕೇಳಿ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ ತಮ್ಮ ಹೆಸರು ಹಾಕಿದಾರೆ ಅಂತ. ಥಿಂಕ್ ಚೆಕ್ ಅಟೆಂಡ್ ಅನ್ನೋ ಸೈಟಲ್ಲಿ ಒಂದು ಚೆಕ್‌ಲಿಸ್ಟ್ ಇದೆ, ದುಡ್ಡು ಕಟ್ಟೋ ಮುಂಚೆ ಅದನ್ನ ಒಂದ್ಸಲ ನೋಡಿ. ಕಾನ್ಫರೆನ್ಸ್ ಕರೆಗಳನ್ನ ಒಟ್ಟು ಮಾಡೋ ವಿಕಿಸಿಎಫ್‌ಪಿ ಥರದ ಸೈಟುಗಳಲ್ಲೂ ಒಳ್ಳೇದು ಕೆಟ್ಟದು ಎರಡೂ ಇರುತ್ತೆ, ಅಲ್ಲಿ ಹಾಕಿದಾರೆ ಅಂದಮಾತ್ರಕ್ಕೆ ನಂಬೋ ಹಾಗಿಲ್ಲ.

ಅಬ್‌ಸ್ಟ್ರ್ಯಾಕ್ಟ್ (ಅಪ್ಲೈ ಮಾಡೋವಾಗ ಕಳಿಸೋ ನಿಮ್ಮ ಕೆಲಸದ ಚಿಕ್ಕ ಸಾರಾಂಶ) ಬರೆಯೋವಾಗ ಹಿನ್ನೆಲೆ ಹೇಳೋಕೆ ಹೋಗಿ ಜಾಗ ಮುಗಿಸ್ತಾರೆ ಬಹಳ ಜನ. "ಕೃಷಿಯಲ್ಲಿ ಮಣ್ಣಿನ ಪಾತ್ರ ಬಹಳ ಮುಖ್ಯವಾದದ್ದು" ಅಂತ ಶುರು ಮಾಡಿದ್ರೆ ಓದೋರು ಅಲ್ಲೇ ಬಿಟ್ರು ಅಂತ ಲೆಕ್ಕ. ಅದರ ಬದಲು "ಉಪ್ಪು ಜಾಸ್ತಿ ಇರೋ ಮಣ್ಣಲ್ಲಿ ಮೊಳಕೆ ತಡ ಆಗೋದು ನೀರು ಸಿಗದೇನಾ ಅಥವಾ ಸೋಡಿಯಂ ವಿಷದಿಂದಾನಾ ಅನ್ನೋದನ್ನ ಬೇರೆ ಬೇರೆ ಮಾಡಿ ನೋಡಿದ್ವಿ" ಅಂತ ಮೊದಲ ಸಾಲಲ್ಲೇ ಹೇಳಿ, ಎರಡನೇ ಸಾಲಲ್ಲಿ ಹೇಗೆ ಮಾಡಿದ್ರಿ, ಆಮೇಲೆ ಏನ್ ಸಿಕ್ತು, ಮುಗೀತು. ರಿಸಲ್ಟ್ ಇನ್ನೂ ಬಂದಿಲ್ಲ ಅಂದ್ರೆ ಬಂದಿಲ್ಲ ಅಂತಾನೇ ಬರೀರಿ, ವರ್ಕ್‌ಶಾಪ್‌ಗೆ ಅದೇನ್ ದೊಡ್ಡ ಅಡ್ಡಿ ಅಲ್ಲ. ಗೈಡ್‌ಗೆ ಡೆಡ್‌ಲೈನ್ ಹಿಂದಿನ ರಾತ್ರಿ ಅಲ್ಲ, ಎರಡು ವಾರ ಮುಂಚೆ ಕಳಿಸಿ, ರೆಕಮೆಂಡೇಶನ್ ಲೆಟರ್ ಬೇಕಿದ್ರೆ ಇನ್ನೂ ಮುಂಚೆ, ಲೆಟರ್ ಕೇಳೋವಾಗ ನಿಮ್ಮ ಸಿವಿ, ಕಾರ್ಯಕ್ರಮದ ಲಿಂಕು, ಕೊನೇ ದಿನಾಂಕ ಮೂರೂ ಒಂದೇ ಮೇಲ್‌ನಲ್ಲಿ ಹಾಕಿ, ಮೇಡಂ ಅಥವಾ ಸರ್ ಹುಡುಕ್ಕೊಂಡು ಕೂರೋ ಹಾಗಾಗ್ಬಾರ್ದು.

ದುಡ್ಡಿನ ಬಗ್ಗೆ ನಾಚ್ಕೋಬೇಡಿ. ಆರ್ಗನೈಸರ್‌ಗೆ ಹೀಗ್ ಬರೀರಿ: "ನಾನು ಎರಡನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿ, ಪೋಸ್ಟರ್ ಆಯ್ಕೆ ಆಗಿದೆ, ನನ್ನ ಸಂಸ್ಥೆಯಿಂದ ಪ್ರಯಾಣದ ಖರ್ಚು ಮಾತ್ರ ಸಿಗುತ್ತೆ, ರಿಜಿಸ್ಟ್ರೇಶನ್ ಫೀಸ್ ಬಿಡೋಕೆ ಸಾಧ್ಯನಾ?" ನಾಲ್ಕೇ ಸಾಲು, ಗೋಳು ಬೇಡ, ಏನ್ ಬೇಕೋ ಅದನ್ನ ಸ್ಪಷ್ಟವಾಗಿ ಕೇಳಿ. ವಾಲಂಟಿಯರ್ ಆಗಿ ಕೆಲಸ ಮಾಡಿದ್ರೆ ಫೀಸ್ ಬಿಡೋ ಕಾನ್ಫರೆನ್ಸ್‌ಗಳೂ ಇವೆ, ಅದಕ್ಕೆ ಬೇರೆ ಫಾರ್ಮ್ ಇರುತ್ತೆ. ವೀಸಾ ಬೇಕಾಗೋ ಕಡೆ ಆದ್ರೆ ಆಯ್ಕೆ ಪತ್ರ ಬಂದ ದಿನಾನೇ ಇನ್ವಿಟೇಶನ್ ಲೆಟರ್ ಕೇಳಿ.

ಪೋಸ್ಟರ್‌ಗೆ ಎಷ್ಟೋ ಕಡೆ ಎ0 ಸೈಜ್, ಅಂದ್ರೆ 841 ಬೈ 1189 ಮಿಲಿಮೀಟರ್, ಆದ್ರೆ ನಿಲ್ಸೋದಾ ಅಡ್ಡ ಹಾಕೋದಾ ಕೇಳ್ಕೊಂಡೇ ಪ್ರಿಂಟ್ ಕೊಡಿ. ಪೂರ್ತಿ ಪೇಪರ್ ತಂದು ಅಂಟಿಸ್ಬೇಡಿ. ಎರಡು ಮೀಟರ್ ದೂರದಿಂದ ಮುಖ್ಯ ರಿಸಲ್ಟ್ ಓದೋಕೆ ಆಗ್ಬೇಕು, ಮಿಕ್ಕಿದ್ದು ನೀವೇ ಬಾಯಲ್ಲಿ ಹೇಳ್ತೀರಲ್ಲ. ಬಾಯಲ್ಲಿ ಹೇಳೋ ಅಭ್ಯಾಸಕ್ಕೆ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ 2008ರಲ್ಲಿ ಶುರು ಮಾಡಿದ ಥ್ರೀ ಮಿನಿಟ್ ಥೀಸಿಸ್ ನಿಯಮ ಬಹಳ ಚೆನ್ನಾಗಿದೆ, ಒಂದೇ ಸ್ಲೈಡ್, ಮೂರು ನಿಮಿಷ, ಬೇರೆ ವಿಷಯದವರಿಗೂ ಅರ್ಥ ಆಗ್ಬೇಕು. ಫ್ರೆಂಡ್ ಮುಂದೆ ಟೈಮರ್ ಇಟ್ಟು ಹೇಳಿ ನೋಡಿ.

ವಾಪಸ್ ಬಂದ ವಾರದೊಳಗೇ, ಅಲ್ಲಿ ಮಾತಾಡಿಸಿದೋರಿಗೆ ಮೇಲ್ ಹಾಕಿ, "ನಿಮ್ಮನ್ನ ಭೇಟಿಯಾಗಿದ್ದು ಖುಷಿ" ಅಂತ ಅಷ್ಟೇ ಅಲ್ಲ, ಅವರು ಹೇಳಿದ ಯಾವ ಮಾತು ಟ್ರೈ ಮಾಡಿದ್ರಿ, ಏನಾಯ್ತು ಅಂತ ಎರಡು ಸಾಲು. ಟಿಕೆಟ್ಟು, ಬೋರ್ಡಿಂಗ್ ಪಾಸು, ರಿಜಿಸ್ಟ್ರೇಶನ್ ರಸೀದಿ ಎಲ್ಲಾ ಒಂದೇ ಕವರ್‌ನಲ್ಲಿ ಇಟ್ಟು ಅದೇ ವಾರ ಬಿಲ್ಲೂ ಸಬ್ಮಿಟ್ ಮಾಡಿ, ಆರ್ಥಿಕ ವರ್ಷ ದಾಟಿದ್ರೆ ಆ ಫೈಲು ಯಾವ ಮೇಜಿನ ಮೇಲಿದೆ ಅಂತ ಹುಡುಕೋದ್ರಲ್ಲೇ ಮುಂದಿನ ಡೆಡ್‌ಲೈನ್ ಹೋಗಿರುತ್ತೆ.