ಅಲ್ಟ್ರಾ ಮ್ಯಾರಥಾನ್ ಓಡುವವರು ರೋಗನಿರೋಧಕ ಶಕ್ತಿಯನ್ನೂ ಸ್ನಾಯುಗಳನ್ನೂ ಕಾಪಾಡಿಕೊಳ್ಳುವ ಬಗೆ

ಅಲ್ಟ್ರಾ ಮ್ಯಾರಥಾನ್, ಅಂದರೆ ಮ್ಯಾರಥಾನ್‌ನ 42 ಕಿ.ಮೀ.ಗಿಂತಲೂ ದೂರದ ಓಟ ಮುಗಿದ ವಾರದಲ್ಲಿ ಗಂಟಲು ಕೆರೆತ, ನೆಗಡಿ ಕಾಣಿಸಿಕೊಳ್ಳುವುದು ಓಟಗಾರರಿಗೆ ಹೊಸದಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ನಡೆಯುವ 56 ಕಿ.ಮೀ.ಗಳ ಟೂ ಓಷನ್ಸ್ ಓಟದ 150 ಸ್ಪರ್ಧಿಗಳನ್ನು ಕುರಿತು 1983ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಓಟದ ನಂತರದ ಎರಡು ವಾರಗಳಲ್ಲಿ ಅವರಲ್ಲಿ ಸುಮಾರು ಶೇ. 33 ಮಂದಿಗೆ ಇಂಥ ಲಕ್ಷಣಗಳು ಕಾಣಿಸಿಕೊಂಡರೆ, ಓಡದೆ ಇದ್ದವರಲ್ಲಿ ಆ ಪ್ರಮಾಣ ಶೇ. 15ರಷ್ಟಿತ್ತು.

ದೀರ್ಘ ಓಟದ ನಂತರ ಕೆಲವು ಗಂಟೆಗಳ ಕಾಲ ರಕ್ತದಲ್ಲಿ ಲಿಂಫೋಸೈಟ್ ಎಂಬ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಸಂಖ್ಯೆ ಇಳಿಯುವುದರಿಂದ, ದೇಹದ ರಕ್ಷಣೆಯೇ ಕುಸಿಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಆ ಕಣಗಳು ಸಾಯುವುದಿಲ್ಲ, ಶ್ವಾಸಕೋಶ ಮತ್ತು ಕರುಳಿನಂಥ ಅಂಗಗಳಿಗೆ ಕಾವಲಿಗೆ ತೆರಳುತ್ತವೆ ಎಂದು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಟರ್ನರ್ 2018ರಲ್ಲಿ ವಾದಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ದೃಷ್ಟಿಯಲ್ಲಿ ಓಟಗಾರರು ಓಟಕ್ಕಿಂತ ಹೆಚ್ಚಾಗಿ ಅಂಜಬೇಕಾದದ್ದು ನಿದ್ದೆಗೇಡು, ಅರೆಹೊಟ್ಟೆ ಮತ್ತು ಸ್ಪರ್ಧೆಯ ದಿನದ ಜನಸಂದಣಿಗೆ.

ಆದ್ದರಿಂದ ಸ್ಪರ್ಧೆಗೆ ಒಂದು ವಾರ ಮೊದಲೇ ನಿದ್ದೆಯನ್ನು ಸರಿಪಡಿಸಿಕೊಳ್ಳಿ, ಆ ದಿನಗಳಲ್ಲಿ ತೂಕ ಇಳಿಸಲು ಹೋಗಬೇಡಿ. ಓಟದ ಹೊತ್ತಿನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಿದರೆ, ದೇಹದ ಒತ್ತಡದಲ್ಲಿ ಹೆಚ್ಚುವ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬಲ್ಲ ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ತಗ್ಗುತ್ತದೆ. 60 ಗ್ರಾಂ ಎಂದರೆ ಮಧ್ಯಮ ಗಾತ್ರದ ಎರಡು ಬಾಳೆಹಣ್ಣು ಮತ್ತು ಸುಮಾರು 10 ಗ್ರಾಂ ಬೆಲ್ಲ. ಹೊಟ್ಟೆ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಅಭ್ಯಾಸದ ಓಟಗಳಲ್ಲೇ ನೋಡಿಕೊಳ್ಳಬೇಕು. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಏಕೆಂದರೆ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಮಟ್ಟ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಇನ್ನು ಮೈಕಟ್ಟಿನ ವಿಷಯ. 2009ರಲ್ಲಿ ಇಟಲಿಯ ಬಾರಿಯಿಂದ ನಾರ್ವೆಯ ಉತ್ತರ ತುದಿಯವರೆಗೆ 64 ದಿನಗಳಲ್ಲಿ ಸುಮಾರು 4,487 ಕಿ.ಮೀ. ಸಾಗಿದ ಟ್ರಾನ್ಸ್‌ಯುರೋಪ್ ಓಟದಲ್ಲಿ ಸಂಶೋಧಕರು ಲಾರಿಯ ಮೇಲೆ ಎಂಆರ್‌ಐ ಯಂತ್ರವನ್ನೇ ಹೊತ್ತು ಓಟಗಾರರ ಜೊತೆ ಸಾಗಿದರು. ಅವರು ಕಂಡದ್ದು ಕೊಬ್ಬಿನ ಇಳಿಕೆಯನ್ನು ಮಾತ್ರವಲ್ಲ, ದಿನವೂ ದುಡಿಯುತ್ತಿದ್ದ ಕಾಲಿನ ಸ್ನಾಯುಗಳೂ ಸೊರಗಿದ್ದವು. ತೂಕದ ಯಂತ್ರ ಈ ಎರಡನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಜೊತೆಗೆ ದೀರ್ಘ ಓಟದ ಬಳಿಕ ಪಾದಗಳು ಊದಿಕೊಂಡಿರುವಾಗ ಮೈಯಲ್ಲಿ ನಿಂತ ನೀರು ನಷ್ಟವನ್ನು ಮುಚ್ಚಿಡುತ್ತದೆ. ಹಾಗಾಗಿ ಮೊದಲ ಕೆಲವು ದಿನಗಳ ತೂಕವನ್ನು ಲೆಕ್ಕಕ್ಕೆ ಹಿಡಿಯದೆ, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ತೊಡೆಯ ಸುತ್ತಳತೆಯನ್ನೂ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಬರೆದಿಡಿ. ಸೊಂಟದೊಂದಿಗೆ ತೊಡೆಯೂ ತೆಳುವಾಗುತ್ತಿದ್ದರೆ ಊಟ ಸಾಲುತ್ತಿಲ್ಲವೆಂದು ಅನುಮಾನಿಸಬೇಕು.

ಕಠಿಣ ಅಭ್ಯಾಸದ ದಿನಗಳಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 96 ಗ್ರಾಂ. ಅನ್ನ, ಸಾರು, ಪಲ್ಯದಿಂದಷ್ಟೇ ಇದು ಒದಗುವುದಿಲ್ಲವಾದ್ದರಿಂದ ಪ್ರತಿ ಹೊತ್ತಿನ ಊಟದಲ್ಲೂ ಕಾಳು, ಮೊಸರು, ಪನೀರ್, ಮೊಟ್ಟೆ ಅಥವಾ ಮೀನು ಇರಲಿ. ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ ಮಾಡಿ. ಮಹಿಳೆಯರಲ್ಲಿ ಮುಟ್ಟು ನಿಂತರೆ ಅದನ್ನು ಫಿಟ್‌ನೆಸ್‌ನ ಗುರುತೆಂದು ಭಾವಿಸದೆ ವೈದ್ಯರನ್ನು ಕಾಣಬೇಕು.

ಓಟ ಮುಗಿದ ಮೇಲೆ ಒಂದೆರಡು ವಾರ ನಡಿಗೆಗೆ ಸೀಮಿತರಾಗಿರಿ; ಜ್ವರವಿದ್ದರೆ ಓಡಲೇಬೇಡಿ. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ, ಸ್ನಾಯುಗಳ ನೋವು ವಿಪರೀತವಾದರೆ, ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವವಿರುವುದರಿಂದ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಿ.