ಮಳೆಗಾಲದ ಸೌದೆಯನ್ನು ಚಳಿಗಾಲದಲ್ಲೇ ಹೊಂದಿಸಿಕೊಳ್ಳುವ ಬಗೆ

ಮಲೆನಾಡಿನ ಒಂಟಿಮನೆಗಳಿಗೆ ಗ್ಯಾಸ್ ಸಿಲಿಂಡರ್ ಬಂದು ಎಷ್ಟೋ ಕಾಲವಾಗಿದ್ದರೂ ಬಚ್ಚಲ ಹಂಡೆಗೆ ಇಂದಿಗೂ ಸೌದೆಯೇ ಆಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಭಾಗದಲ್ಲಿ ವಯಸ್ಸಾದ ಅಪ್ಪ ಅಮ್ಮಂದಿರಷ್ಟೇ ಉಳಿದಿರುವ ಮನೆಗಳಲ್ಲಿ ಈ ಕೆಲಸ ರಜೆಯಲ್ಲಿ ಊರಿಗೆ ಬರುವ ಮಕ್ಕಳ ಪಾಲಿಗೆ ಬೀಳುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದ ಮೇಲೆ ಒಣ ಕಡ್ಡಿಯೊಂದೂ ಸಿಗುವುದಿಲ್ಲವಾದ್ದರಿಂದ, ಸೌದೆಯ ಲೆಕ್ಕವನ್ನು ಚಳಿಗಾಲದಲ್ಲೇ ಮುಗಿಸಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸಗಳ ನಡುವೆ ಆಳುಗಳು ಸಿಗುವುದು ಕಷ್ಟ. ಹಾಗಾಗಿ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳೇ ಅನುಕೂಲ.

ಹೊರಡುವ ಮೊದಲು ಮನೆಯವರಿಗೆ ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ. ಒಲೆಯ ಬಾಯಿ ಎಷ್ಟಿದೆ ಎಂಬುದು ಒಂದು, ಕಳೆದ ವರ್ಷದ ಸೌದೆ ಎಷ್ಟು ಉಳಿದಿದೆ ಎಂಬುದು ಇನ್ನೊಂದು. ಬಚ್ಚಲ ಒಲೆ ಎರಡು ಮೂರು ಅಡಿಯ ಕುಂಟೆಯನ್ನೂ ತಿನ್ನುತ್ತದೆ, ಅಡುಗೆ ಒಲೆಗೆ ಒಂದೂವರೆ ಅಡಿಗಿಂತ ಉದ್ದದ್ದು ಸುಮ್ಮನೆ ತೊಡಕು. ಉಳಿಕೆ ಸೌದೆಯನ್ನು ಕೇಳುವುದಕ್ಕೂ ಕಾರಣವಿದೆ: ಹಸಿ ಮರದಲ್ಲಿರುವ ನೀರು ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚೂ ಇರಬಹುದು, ಅದು ಶೇ 20ರ ಆಸುಪಾಸಿಗೆ ಇಳಿಯದೆ ಬೆಂಕಿ ಸರಿಯಾಗಿ ಹಿಡಿಯುವುದಿಲ್ಲ, ಮನೆಯೆಲ್ಲ ಹೊಗೆಯಾಗುತ್ತದೆ. ಮತ್ತಿ, ಜಂಬೆಯಂಥ ಗಟ್ಟಿ ಮರ ಒಡೆದಿಟ್ಟರೂ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಆದ್ದರಿಂದ ಬರುವ ಮಳೆಗಾಲಕ್ಕೆ ತಾನಾಗಿ ಒಣಗಿ ಬಿದ್ದದ್ದನ್ನು ಆರಿಸಬೇಕು, ಹಸಿಯಾಗಿ ಕಡಿದದ್ದನ್ನು ಅದರಾಚೆಯ ವರ್ಷಕ್ಕೆಂದು ಬೇರೆ ಇಡಬೇಕು.

ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ನನ್ನ ಉತ್ತರ, ಮೊದಲು ನಿಮ್ಮ ತೋಟವನ್ನೇ ನೋಡಿ ಎಂಬುದು. ಒಣಗಿ ಬಿದ್ದ ಅಡಿಕೆ ಮರ, ತೆಂಗಿನ ಹೆಡೆ, ನೆರಳು ಕಡಿದ ಸಿಲ್ವರ್ ಓಕ್ ಕೊಂಬೆ, ಬೇಲಿಯ ಅಕೇಶಿಯಾ ಇವೆಲ್ಲ ಸೇರಿದರೆ ಸಣ್ಣ ಸಂಸಾರದ ಮಳೆಗಾಲದ ಬಹುಪಾಲು ಕಳೆಯುತ್ತದೆ. ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನ ಜಾಗ, ಇದ್ದವರಿಗೆ ಸೊಪ್ಪು, ದರಗು (ಉದುರಿದ ಒಣ ಎಲೆ), ಒಣ ಕಟ್ಟಿಗೆಯ ಸವಲತ್ತು ಮನೆ, ತೋಟದ ಬಳಕೆಗೆ ಉಂಟು. ಅದು ಮಾರುವುದಕ್ಕೂ ಅಲ್ಲ, ನಿಂತ ಮರ ಕಡಿಯುವುದಕ್ಕೂ ಅಲ್ಲ. ಶರಾವತಿ ಕಣಿವೆ, ಶೆಟ್ಟಿಹಳ್ಳಿಯಂಥ ಅಭಯಾರಣ್ಯಗಳ ಗಡಿಯೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಬಿದ್ದ ಕಟ್ಟಿಗೆ ತರುವುದೂ ತಪ್ಪೇ. ಬೀಟೆ, ಗಂಧ, ಹೊನ್ನೆ, ತೇಗ ಕಂಡರೆ ತುಂಡಾಗಿದ್ದರೂ ಮುಟ್ಟದಿರುವುದು ಕ್ಷೇಮ. ಮಿಕ್ಕ ಸೌದೆಯನ್ನು ಪಿಕಪ್‌ನಲ್ಲಿ ಪೇಟೆಗೆ ಸಾಗಿಸುವ ಆಲೋಚನೆ ಬಂದರೆ, ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಪರವಾನಗಿ ಕೇಳುತ್ತಾರೆ ಎಂಬುದನ್ನು ಮರೆಯಬೇಡಿ.

ಇನ್ನು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ವಿಷಯ. ಮಳೆಗಾಲದ ಉಂಬಳಕ್ಕೆ ಹೆದರುವ ಪೇಟೆಯವರು ಚಳಿಗಾಲದ ಕಾಡನ್ನು ನಿರಪಾಯವೆಂದು ತಿಳಿಯುತ್ತಾರೆ, ವಾಸ್ತವ ಅದಕ್ಕೆ ತದ್ವಿರುದ್ಧ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನೇ ತೆಗೆದುಕೊಂಡಿತು. ರೋಗ ಹರಡುವ ಮರಿ ಉಣುಗುಗಳು ನವೆಂಬರ್‌ನಿಂದ ಮೇ ತನಕ, ಅಂದರೆ ಸರಿಯಾಗಿ ಸೌದೆಯ ಕಾಲದಲ್ಲೇ, ದರಗಿನ ಮೇಲೆ ಮತ್ತು ಕುರುಚಲು ಗಿಡದ ತುದಿಯಲ್ಲಿ ಕಾದಿರುತ್ತವೆ. ಎಳ್ಳಿನಷ್ಟೂ ಇರದ ಅವು ಮೈಮೇಲೆ ಹತ್ತಿದ್ದು ಗೊತ್ತಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತುಂಬು ತೋಳಿನ ತಿಳಿಬಣ್ಣದ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ದಣಿವಾಯಿತೆಂದು ದರಗಿನ ಮೇಲೆ ಕೂರುವುದು, ಕಟ್ಟಿಗೆ ಹೊರೆಯನ್ನು ಬರಿಮೈಗೆ ಆನಿಸಿಕೊಳ್ಳುವುದು ಬೇಡವೇ ಬೇಡ. ಸತ್ತ ಮಂಗ ಕಂಡ ಜಾಗದಿಂದ ಕೂಡಲೇ ಹಿಂದಿರುಗಿ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಏಕೆಂದರೆ ಅದರ ಮೈಬಿಟ್ಟ ಉಣುಗುಗಳು ಸುತ್ತಲ ನೆಲದಲ್ಲೇ ಇರುತ್ತವೆ.

ಇಬ್ಬನಿ ಆರಿದ ಮೇಲೆ ಹೊರಟು, ಗುಡ್ಡದ ನೆರಳು ಬೀಳುವ ಮೊದಲು ಮರಳುವಂತೆ ಸಮಯ ಇಟ್ಟುಕೊಳ್ಳಿ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ಯಾವ ದಿಕ್ಕಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿಯೇ ಹೋಗಬೇಕು. ನೆಲದ ಕುಂಟೆಯನ್ನು ಎತ್ತುವಾಗ ಕೈ ಅಡಿಗೆ ಹಾಕದೆ, ಕೋಲಿನಿಂದ ಬಡಿದು, ಆಚೆ ಬದಿಯನ್ನು ಕೊಕ್ಕೆಯಿಂದ ಹಿಡಿದು ನಿಮ್ಮ ಕಡೆಗೆ ಉರುಳಿಸಿಕೊಳ್ಳಿ. ಅಡಿಯಲ್ಲಿ ಮಂಡಲದ ಹಾವೋ ಚೇಳೋ ಇದ್ದರೆ ತೆರೆದ ಬಾಯಿ ಆಚೆಗಿರುತ್ತದೆ, ಅದು ಆ ಕಡೆಗೇ ಜಾರಿಕೊಳ್ಳುತ್ತದೆ. ಒಣಗಿದೆಯೇ ಎಂದು ತಿಳಿಯಲು ತುಂಡಿನ ತಲೆಯನ್ನು ನೋಡಿ: ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟು, ತೊಗಟೆ ಉಗುರಿಗೇ ಏಳುತ್ತಿದ್ದರೆ ಒಣಗಿದೆ. ಎರಡು ತುಂಡು ತಾಗಿಸಿದಾಗ ಒಣದ್ದು ಠಣ್ ಎನ್ನುತ್ತದೆ, ಹಸಿಯದ್ದು ಧಪ್ ಎಂದು ಸತ್ತ ಸದ್ದು ಮಾಡುತ್ತದೆ. ಬೆರಳಿಗೆ ಪುಡಿಯಾಗುವ ಕುಂಬನ್ನು ಅಲ್ಲೇ ಬಿಡಿ. ಅದರಲ್ಲಿ ಕಾವಿಲ್ಲ, ಕಾಡಿಗೆ ಅದರಿಂದ ಪ್ರಯೋಜನವಿದೆ. ಕಪ್ಪು ಸೊನೆಯ ಹೊಳಗೇರು, ಗೇರು ಜಾತಿಯ ಮರಗಳು ಮೈಗೆ ತಾಗಿದರೆ ತುರಿಸಿ ಬೊಬ್ಬೆ ಏಳುತ್ತವೆ. ಅದರ ಹೊಗೆಯೂ ಒಳ್ಳೆಯದಲ್ಲವಾದ್ದರಿಂದ, ಗುರುತು ಹಿಡಿಯಲು ಬಾರದವರು ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಲಿ.

ಒಡೆಯುವಾಗ ಕೊಡಲಿಯನ್ನು ತಿರುಳಿನ ನಡುವಿಗೆ ಹೊಡೆಯದೆ ಅಂಚಿನಿಂದ, ಇರುವ ಬಿರುಕಿನ ಗೆರೆಯಲ್ಲೇ ಹೊಡೆಯಬೇಕು. ಗಂಟಿರುವ ತುಂಡಿಗೆ ಬೆಣೆ ಬಡಿಯುವುದೇ ಸುಲಭ, ಇಲ್ಲದಿದ್ದರೆ ಇಡೀ ಕುಂಟೆಯಾಗಿ ಹಂಡೆ ಒಲೆಗೆ ಬಿಟ್ಟುಬಿಡಬಹುದು. ಕೊಟ್ಟಿಗೆಯಲ್ಲಿ ಎರಡು ಅಡಿಕೆ ಮರದ ತುಂಡನ್ನು ಅಡಿಗೆ ಹಾಸಿ, ಗೋಡೆಯಿಂದ ಗೇಣು ದೂರದಲ್ಲಿ ತುದಿಗಳು ಗಾಳಿಗೆ ತೆರೆದಿರುವಂತೆ ಪೇರಿಸಿ. ಪುರಲೆಯನ್ನು ಬೇರೆ ಕಟ್ಟಿ, ಅಮ್ಮನಿಗೋ ಅಜ್ಜಿಗೋ ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ ಇಡಿ.

ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈತೊಳೆದು, ಕಿವಿ ಹಿಂದೆ, ಕಂಕುಳು, ಮಂಡಿ ಸಂದಿಗಳನ್ನು ಪರೀಕ್ಷಿಸಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿಯ ಸಾಹಸ ಮಾಡದೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ, ನೀವಾಗಲೇ ಬೆಂಗಳೂರಿಗೆ ಮರಳಿದ್ದರೂ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳಿ. ಹೇಳದಿದ್ದರೆ ಅಲ್ಲಿಯವರಿಗೆ ಡೆಂಗಿಯೇ ಮೊದಲು ಹೊಳೆಯುತ್ತದೆ.