ಕಡಲ್ಕೊರೆತಕ್ಕೆ ಮನೆ ಬಿಟ್ಟವರ ದಾಖಲೆ ಪುಸ್ತಕ ಸಿದ್ಧಪಡಿಸುವ ಕ್ರಮ

ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಬಟ್ಟಪ್ಪಾಡಿ, ಸಸಿಹಿತ್ಲು, ಪಡುಬಿದ್ರಿ, ಮರವಂತೆ ಮೊದಲಾದ ಊರುಗಳ ಕಡಲ್ಕೊರೆತ ಮಳೆಗಾಲದ ಮಾಮೂಲು ಸುದ್ದಿಯಾಗಿದೆ. ತಡೆಗೋಡೆ ಎಷ್ಟು ಕುಸಿಯಿತು, ಎಷ್ಟು ತೆಂಗಿನ ಮರ ಉರುಳಿತು, ಎಷ್ಟು ಲೋಡು ಬಂಡೆಕಲ್ಲು ಬಂತು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಮನೆ ಬಿಟ್ಟವರು ಎಲ್ಲಿಗೆ ಹೋದರು ಎಂಬ ಲೆಕ್ಕ ಸಿಗುವುದು ಅಪರೂಪ. ಪುನರ್ವಸತಿಯ ಯೋಜನೆ ಯಾವ ಸರಕಾರದಿಂದ ಬಂದರೂ ಮೊದಲು ಕೇಳುವುದು ಫಲಾನುಭವಿಗಳ ಪಟ್ಟಿಯನ್ನೇ. ಆದ್ದರಿಂದ ಆ ಪಟ್ಟಿಯನ್ನು ಊರಿನವರೇ, ಗ್ರಾಮ ಪಂಚಾಯತ್ ಸದಸ್ಯರನ್ನೂ ಮಹಿಳಾ ಸ್ವಸಹಾಯ ಸಂಘಗಳನ್ನೂ ಸೇರಿಸಿಕೊಂಡು, ಒಂದು ದಾಖಲೆ ಪುಸ್ತಕದ ರೂಪದಲ್ಲಿ ಮುಂಚಿತವಾಗಿ ಸಿದ್ಧಪಡಿಸಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ಮುಖ್ಯವಾಗಿ ಸಿಗುವುದು ಕೇಂದ್ರ ಸರಕಾರ ಅಧಿಸೂಚಿಸಿದ ವಿಪತ್ತುಗಳಿಗೆ. 12 ವಿಪತ್ತುಗಳ ಆ ಪಟ್ಟಿಯಲ್ಲಿ ಚಂಡಮಾರುತ, ನೆರೆ, ಸುನಾಮಿ ಇವೆ. ವರ್ಷವರ್ಷವೂ ಸ್ವಲ್ಪಸ್ವಲ್ಪವೇ ನೆಲ ತಿನ್ನುವ ಕಡಲ್ಕೊರೆತ ಇಲ್ಲ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದಲ್ಲಿ ಕುಸಿದ ಗೋಡೆಗೂ, ಮರುವರ್ಷ ಸಾಮಾನ್ಯ ಮಳೆಗಾಲದಲ್ಲಿ ಕುಸಿದ ಪಕ್ಕದ ಮನೆಯ ಗೋಡೆಗೂ ನಿಯಮದ ಕಣ್ಣಿನಲ್ಲಿ ವ್ಯತ್ಯಾಸವಿರುವುದು ಈ ಕಾರಣದಿಂದ. ಇದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ನಿಯಮ ಬದಲಾಗುವವರೆಗೆ ಪ್ರತಿಯೊಂದು ಹಾನಿಯ ದಿನಾಂಕ, ಆ ದಿನದ ಹವಾಮಾನ ಎಚ್ಚರಿಕೆ, ಫೋಟೋ, ಗ್ರಾಮ ಆಡಳಿತಾಧಿಕಾರಿಯ ಮಹಜರಿನ ಪ್ರತಿ ಇವಿಷ್ಟನ್ನೂ ಒಂದೇ ಪುಟದಲ್ಲಿ ಜೋಡಿಸಿಡಬೇಕು. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿಯನ್ನೂ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನೂ ದೇಶಕ್ಕೆಲ್ಲ ಸೇರಿಸಿ ಶಿಫಾರಸು ಮಾಡಿತ್ತು. ಮನವಿ ಬರೆಯುವಾಗ ಈ ಶಿಫಾರಸನ್ನು ಉಲ್ಲೇಖಿಸಿ, ಚಾಲ್ತಿಯಲ್ಲಿರುವ ಮಾರ್ಗಸೂಚಿಯ ಪ್ರತಿಯನ್ನು ತಹಶೀಲ್ದಾರ್ ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ದಡದ ಅಳತೆಗೆ ಭಜನಾ ಮಂದಿರದ ಮೂಲೆ, ಬಾವಿಯ ಕಟ್ಟೆ, ಸರ್ವೆ ಕಲ್ಲು ಇಂಥ ಅಲುಗಾಡದ ಗುರುತು ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ಕೊಂಡೊಯ್ದ ಮರಳಿನಲ್ಲಿ ಬಹುಪಾಲು ಚಳಿಗಾಲದಲ್ಲಿ ಹಿಂದಿರುಗುವುದುಂಟು. ಆದಕಾರಣ ಜುಲೈಯ ದಡವನ್ನು ಜನವರಿಯ ದಡದೊಂದಿಗೆ ಹೋಲಿಸಬಾರದು. ಈ ವರ್ಷದ ಮೇ ತಿಂಗಳನ್ನು ಮುಂದಿನ ವರ್ಷದ ಮೇ ತಿಂಗಳೊಂದಿಗೆ, ಉಬ್ಬರದ ಅದೇ ಹಂತದಲ್ಲಿ ಅಳೆದು ಹೋಲಿಸಬೇಕು.

ಕೊರೆತದ ಕಾರಣ ಬರೆಯುವ ಅಂಕಣವನ್ನು ಪ್ರಾಮಾಣಿಕವಾಗಿ ತುಂಬಿಸಿ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2015ರ ನಡುವೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರಿನಷ್ಟು ಏರಿದೆ. ಒಂದೇ ಮಳೆಗಾಲದಲ್ಲಿ ಹತ್ತಾರು ಅಡಿ ದಡ ಹೋದರೆ ಅದಕ್ಕೆ ಈ ಏರಿಕೆಯೊಂದನ್ನೇ ಹೊಣೆ ಮಾಡಲಾಗದು. ಅಳಿವೆಬಾಗಿಲಿನ ಅಲೆತಡೆ, ನದಿಯ ಮರಳುಗಾರಿಕೆ, ಪಕ್ಕದೂರಿನ ತಡೆಗೋಡೆ ಇವುಗಳ ಪಾಲೂ ಇರುತ್ತದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಸ್ಥಳೀಯ ಹೊಣೆಗಾರರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಈ ಪುಸ್ತಕದಲ್ಲಿ ಹೆಚ್ಚು ಶ್ರಮ ಬೇಡುವುದು ಕುಟುಂಬದ ಪುಟ. ಮನೆಯ ಯಜಮಾನನ ಹೆಸರೊಂದನ್ನೇ ಬರೆದರೆ ಸಾಲದು. ಮನೆಯಲ್ಲಿದ್ದ ಎಲ್ಲರ ಹೆಸರು, ಬಾಡಿಗೆದಾರರು, ವಿಧವೆಯರು, ಮದುವೆಯಾಗಿ ಅದೇ ಹಿತ್ತಲಲ್ಲಿ ಬೇರೆ ಒಲೆ ಹೂಡಿದವರು ಎಲ್ಲರೂ ಬರಬೇಕು. ಕಡಲತಡಿಯ ಎಷ್ಟೋ ಮನೆಗಳಿಗೆ ಪಹಣಿಯೂ ಇಲ್ಲ, ಹಕ್ಕುಪತ್ರವೂ ಇಲ್ಲ. ಅಂಥವರ ವಾಸಕ್ಕೆ ರೇಷನ್ ಕಾರ್ಡ್, ಹಳೆಯ ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಪುಟ, ಮನೆ ತೆರಿಗೆ ರಶೀದಿ, ಮಕ್ಕಳ ಶಾಲಾ ದಾಖಲಾತಿ ಸಾಕ್ಷಿಯಾಗಬಲ್ಲವು. ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮಗೊಳಿಸಲು 94ಸಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿಯನ್ನೂ ಸೇರಿಸಿ. ಬಳಿಕ ಅವರು ಹೋದ ದಾರಿಯನ್ನು ಬರೆಯಿರಿ: ಮೊದಲು ಗಂಜಿ ಕೇಂದ್ರ, ಆಮೇಲೆ ಅಕ್ಕನ ಮನೆ, ಆಮೇಲೆ ತೊಕ್ಕೊಟ್ಟಿನ ಬಾಡಿಗೆ ಕೋಣೆ ಎಂಬ ರೀತಿಯಲ್ಲಿ, ತಿಂಗಳ ಸಮೇತ. ಬೇರೆ ಪಂಚಾಯತಿಗೆ ಹೋಗಿ ವಿಳಾಸ ಬದಲಿಸಿದ ಕುಟುಂಬವು ಹಳೆಯ ಊರಿನ ಪಟ್ಟಿಯಿಂದ ಬಿಟ್ಟುಹೋಗಬಹುದಾದ್ದರಿಂದ, ವಿಳಾಸ ಬದಲಾದ ದಿನವನ್ನೂ ಮರೆಯದೆ ನಮೂದಿಸಿ.

ಗಡಿಯ ಪ್ರಶ್ನೆಯನ್ನು ತಿಳಿಯಲು ಕರ್ನಾಟಕ-ಕೇರಳ ಗಡಿಯ ತಲಪಾಡಿಗೆ ಹೋದರೆ ಸಾಕು. ಕಡಲು ಎರಡೂ ಕಡೆಗೆ ಒಂದೇ, ಮೀನುಗಾರರ ಬದುಕೂ ಬಹುಮಟ್ಟಿಗೆ ಒಂದೇ. ಆದರೆ ಕೇರಳದ ಪುನರ್ಗೇಹಂ ಯೋಜನೆ ಉಬ್ಬರರೇಖೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಕ್ಕೆ ಜಾಗ ಮತ್ತು ಮನೆಗೆ 10 ಲಕ್ಷ ರೂಪಾಯಿ ನಿಗದಿ ಮಾಡಿತು. ನಮ್ಮ ಮನವಿಗಳಲ್ಲಿ ಈ ಮಾದರಿಯನ್ನು ಹೆಸರು ಹಿಡಿದು ಕೇಳಬೇಕು. ‘ಹವಾಮಾನ ನಿರಾಶ್ರಿತರು’ ಎಂಬ ಪದವನ್ನು ಮನವಿಯಲ್ಲಿ ಬಳಸಲೇಬೇಡಿ. 1951ರ ನಿರಾಶ್ರಿತರ ಒಪ್ಪಂದವು ಕಿರುಕುಳಕ್ಕೆ ಹೆದರಿ ದೇಶದ ಗಡಿ ದಾಟಿದವರಿಗೆ ಸಂಬಂಧಿಸಿದ್ದು. ಮುಳುಗುವ ಭಯದಲ್ಲಿರುವ ಟುವಾಲು ದೇಶದವರಿಗೂ ಆಸ್ಟ್ರೇಲಿಯಾದ ಬಾಗಿಲು ತೆರೆದದ್ದು 2023ರಲ್ಲಿ ಸಹಿಯಾದ ಪ್ರತ್ಯೇಕ ಒಪ್ಪಂದದಿಂದ, ಅದೂ ವರ್ಷಕ್ಕೆ 280 ಮಂದಿಗೆ. ನಮ್ಮವರು ತಮ್ಮದೇ ದೇಶದ ಪ್ರಜೆಗಳು. ಅವರ ಹಕ್ಕಿಗೆ ಉತ್ತರಿಸಬೇಕಾದದ್ದು ಜಿಲ್ಲಾಡಳಿತ, ರಾಜ್ಯ ಮತ್ತು ಕೇಂದ್ರ. ವಿಶ್ವಸಂಸ್ಥೆಯ 2010ರ ಕಾನ್‌ಕುನ್ ಹವಾಮಾನ ಸಮ್ಮೇಳನದ ನಿರ್ಣಯವು ಯೋಜಿತ ಸ್ಥಳಾಂತರವನ್ನು ಹವಾಮಾನ ಹೊಂದಾಣಿಕೆಯ ಚೌಕಟ್ಟಿನಲ್ಲಿ ಸೇರಿಸಿರುವುದನ್ನು ಬೇಕಿದ್ದರೆ ಉಲ್ಲೇಖಿಸಬಹುದು.

ಕೊನೆಯ ಭಾಗದಲ್ಲಿ ಪ್ರತಿ ಕುಟುಂಬದ ಬೇಡಿಕೆ ಇರಲಿ. ನಾಡದೋಣಿ ಎಳೆದಿಡಲು, ಬಲೆ ಹರಡಲು, ಒಣಮೀನು ಹಾಕಲು ಎಷ್ಟು ಜಾಗ ಬೇಕು, ಕಡಲಿನಿಂದ ಎಷ್ಟು ದೂರದವರೆಗೆ ಹೋಗಲು ಒಪ್ಪುತ್ತಾರೆ ಎಂಬುದನ್ನು ಗಂಡಸರಿಂದಲೂ ಹೆಂಗಸರಿಂದಲೂ ಬೇರೆಬೇರೆಯಾಗಿ ಕೇಳಿ ಬರೆಯಿರಿ. ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿ ನಿರ್ಣಯ ಪುಸ್ತಕಕ್ಕೆ ಸೇರಿಸಿ, ದೃಢೀಕೃತ ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಮೂಲ ಪ್ರತಿ ಕಡಲಿನಿಂದ ದೂರವಿರುವ ಮನೆಯೊಂದರಲ್ಲಿ ಇರಲಿ.